ಫೋಟೋ ತಗೊಂಡು ಬರ್ರಿ, ಕೂತು ನೋಡೋಣ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಹವ್ಯಾಸಕ್ಕೆಂದು ಫೋಟೋ ತೆಗೆಯುವ ನಾವೊಂದಿಷ್ಟು ಜನ ತಿಂಗಳಿಗೊಂದು ರವಿವಾರ ಸೇರುತ್ತೇವೆ. ಶಾಲೆ ಮಾಸ್ತರರು, ಬ್ಯಾಂಕಿನವರು, ದ್ರಾಕ್ಷಿ ತೋಟದವರು, ಕಾಲೇಜಿನ ಹುಡುಗರು, ಹುಡುಗಿಯರು, ನಿವೃತ್ತಿಯಾದ ಹಿರಿಯರು ಎಲ್ಲರೂ ಇದ್ದಾರೆ. ಬಾಗಲಕೋಟೆ, ಇಳಕಲ್ಲಿನಿಂದ ಬಸ್ ಹಿಡಿದು ಬರುವವರೂ ಇದ್ದಾರೆ. ಫೀ ಇಲ್ಲ, ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. ಒಬ್ಬರ ಫೋಟೋವನ್ನು ಉಳಿದವರು ಪುರುಸೊತ್ತಿನಿಂದ ನೋಡುವುದು, ಕಂಡದ್ದನ್ನು ಬಾಯಿಬಿಟ್ಟು ಹೇಳುವುದು, ಇಷ್ಟೇ ನಮ್ಮ ಕೆಲಸ. ಹೊಸದಾಗಿ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ನನ್ನ ಹತ್ರ ಕ್ಯಾಮೆರಾ ಇಲ್ಲ, ಬರೇ ಮೊಬೈಲ್ ಐತಿ. ಬರಬಹುದೇನ್ರಿ?

ಅವಶ್ಯ ಬನ್ನಿ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊಬೈಲಿನವರೇ. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೋದಲ್ಲಿ 4000 ಉದ್ದ, 3000 ಅಗಲದಷ್ಟು ಚುಕ್ಕೆಗಳಿರುತ್ತವೆ. ಇಂಚಿಗೆ 300 ಚುಕ್ಕೆಯಂತೆ ಪ್ರಿಂಟ್ ಹಾಕಿಸಿದರೆ 13 ಇಂಚು ಉದ್ದ, 10 ಇಂಚು ಅಗಲದ ಚಿತ್ರ ಚೊಕ್ಕವಾಗಿ ಬರುತ್ತದೆ. ಗೋಡೆಗೆ ಹಾಕಲು ಅಷ್ಟು ಸಾಕು. ದೂರದ ಹಕ್ಕಿಯನ್ನು ಮಾತ್ರ ಮೊಬೈಲಿನಲ್ಲಿ ಹಿಡಿಯಲು ಹೋಗಬೇಡಿ. ಪರದೆಯನ್ನು ಬೆರಳಿನಿಂದ ಹಿಗ್ಗಿಸಿ ತೆಗೆದರೆ ಹಕ್ಕಿ ಹತ್ತಿರ ಬರುವುದಿಲ್ಲ, ಚಿತ್ರ ಒಡೆಯುತ್ತದೆ. ಎರಡು ಹೆಜ್ಜೆ ಮುಂದೆ ಹೋಗಿ ತೆಗೆಯಬಹುದಾದದ್ದನ್ನೇ ಆರಿಸಿಕೊಳ್ಳಿ.

ಎಲ್ಲಿ ಸೇರತೀರಿ, ಎಷ್ಟೊತ್ತಿಗೆ?

ಚಳಿಗಾಲದಲ್ಲಿ ಬೆಳಗ್ಗೆ ಸೂರ್ಯ ಹುಟ್ಟುವ ಮೊದಲೇ ಊರಲ್ಲೊಂದು ಕಡೆ ಸೇರಿ ಸುತ್ತಾಡುತ್ತೇವೆ. ಬಾರಾಕಮಾನ್, ಇಬ್ರಾಹಿಂ ರೋಜಾ, ಜೋಡ ಗುಮ್ಮಟದಂಥ ಹಳೆಯ ಗೋರಿಗಳು, ಇಲ್ಲವೇ ತರಕಾರಿ ಮಾರುಕಟ್ಟೆ. ಬಿಸಿಲೇರಿದ ಮೇಲೆ ಯಾರಾದರೊಬ್ಬರ ಮನೆಯಲ್ಲಿ ಕೂತು, ಸುಸಲಾ ತಿಂದು, ಚಹಾ ಕುಡಿದು, ಹಿಂದಿನ ತಿಂಗಳ ಫೋಟೋಗಳನ್ನು ನೋಡುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಆಗ ತಿರುಗಾಟ ಬಿಟ್ಟು ಸಂಜೆ ಬರೇ ನೋಡುವ ಕೂಟ ಇಟ್ಟುಕೊಳ್ಳುತ್ತೇವೆ.

ಒಬ್ಬರು ಎಷ್ಟು ಫೋಟೋ ತೋರಿಸಬಹುದು?

ಮೂರು. ಜಾತ್ರೆಗೆ ಹೋಗಿ ಮುನ್ನೂರು ತೆಗೆದು ಬಂದಿರಬಹುದು, ಆದರೂ ಮೂರೇ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ ಎಂದು ರಾತ್ರಿ ಕೂತು ಒದ್ದಾಡುವುದರಲ್ಲೇ ಅರ್ಧ ಕಲಿಕೆ ಆಗುತ್ತದೆ. ಒಂದೇ ದೃಶ್ಯದ ಎರಡು ಫೋಟೋ ಇದ್ದು ಯಾವುದು ಮೇಲೆಂದು ತಿಳಿಯದಿದ್ದರೆ ಎರಡನ್ನೂ ತನ್ನಿ, ಅದನ್ನೇ ಚರ್ಚೆಗೆ ಇಡೋಣ.

ಚರ್ಚೆ ಅಂದ್ರ ಹ್ಯಾಂಗ ನಡೀತದ?

ಫೋಟೋವನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಡುತ್ತೇವೆ, ಇಲ್ಲವೇ ಪ್ರಿಂಟನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಸುಮಾರು ಒಂದು ನಿಮಿಷ ಯಾರೂ ಮಾತಾಡುವಂತಿಲ್ಲ. ತೆಗೆದವರಂತೂ ಬಾಯಿ ತೆರೆಯಲೇಬಾರದು. ‘ಅವತ್ತು ಮೋಡ ಇತ್ತು’, ‘ಹಿಂದೆ ಒಬ್ಬರು ನೂಕಿದರು’ ಎನ್ನುವುದೆಲ್ಲ ಆಮೇಲೆ. ನೋಡಿದವರು ಮೊದಲು ತಮ್ಮ ಕಣ್ಣಿಗೆ ಏನು ಬಿತ್ತು ಎಂಬುದನ್ನಷ್ಟೇ ಹೇಳಬೇಕು. ಛಲೋ, ಕೆಟ್ಟದ್ದು ಎಂಬ ಮಾತು ಆಗಿನ್ನೂ ಬರಬಾರದು. ಆಮೇಲೆ ಎಲ್ಲಿ ಕಣ್ಣು ನಿಂತಿತು, ಎಲ್ಲಿ ಜಾರಿತು ಎಂಬ ಮಾತು. ಕೊನೆಗೆ ತೆಗೆದವರ ಸರದಿ.

ಉದಾಹರಣೆಗೆ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಸೇರುವ ದನದ ಪೇಟೆಯ ಒಂದು ಫೋಟೋ ನಮ್ಮಲ್ಲಿ ಚರ್ಚೆಗೆ ಬಂತು. ಕಾಲೇಜಿನ ಹುಡುಗಿಯೊಬ್ಬಳು ತೆಗೆದದ್ದು. ಖಿಲಾರಿ ಎತ್ತಿನ ಜೋಡಿಯ ವ್ಯಾಪಾರ ನಡೆದಿದೆ. ಕೊಳ್ಳುವವ, ಕೊಡುವವ ಇಬ್ಬರೂ ಟವೆಲ್ಲಿನ ಕೆಳಗೆ ಕೈ ಕೈ ಹಿಡಿದಿದ್ದಾರೆ. ಸುತ್ತಲಿನವರಿಗೆ ಗೊತ್ತಾಗದ ಹಾಗೆ ಬೆರಳು ಒತ್ತಿ ರೇಟು ಹೇಳುವುದು ಹಳೆಯ ರೂಢಿ. ಫೋಟೋದಲ್ಲಿ ಮುಖಗಳಿಲ್ಲ. ಎರಡು ಮುಂಗೈ, ನಡುವೆ ಬಿಗಿದು ನಿಂತ ಕೆಂಪಂಚಿನ ಟವೆಲ್, ಹಿಂದೆ ಎತ್ತಿನ ಬಿಳಿ ಮೈ ಅಷ್ಟೇ.

“ಮುಖ ಇಲ್ಲಲ್ಲವಾ, ಯಾರು ಸೋತ್ರು ಯಾರು ಗೆದ್ರು ಹ್ಯಾಂಗ ಗೊತ್ತಾಗಬೇಕು?” ಎಂದು ಮಾಸ್ತರರು ಕೇಳಿದರು. ತೋಟದ ಕಾಕಾ ಒಪ್ಪಲಿಲ್ಲ. “ಬಲಗಡೆ ಕೈ ನೋಡ್ರಿ ಸರ, ಮುಂಗೈ ನರ ಎದ್ದಾವ. ಆ ಮನಷ್ಯಾ ಇನ್ನೂ ಬಿಟ್ಟಕೊಟ್ಟಿಲ್ಲ” ಎಂದರು. ಅಲ್ಲಿಯವರೆಗೆ ಆ ನರವನ್ನು ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ಇನ್ನೊಬ್ಬರು ಮೇಲಿನ ಮೂಲೆಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಕೊಡದತ್ತ ಕಣ್ಣು ಓಡುತ್ತದೆ ಎಂದರು, ಅದು ಎಲ್ಲರಿಗೂ ಸರಿ ಎನಿಸಿತು. ಹುಡುಗಿಯ ಸರದಿ ಬಂದಾಗ, ಮುಖ ಇರುವ ಫೋಟೋ ಕೂಡ ತನ್ನ ಹತ್ತಿರ ಇದೆ, ಆದರೆ ಕ್ಯಾಮೆರಾ ಕಂಡಕೂಡಲೇ ಇಬ್ಬರೂ ನಕ್ಕುಬಿಟ್ಟರು ಎಂದಳು. ಮೇಲಿನ ಅಂಚನ್ನು ಕೊಂಚ ಕತ್ತರಿಸಿ ಕೊಡ ತೆಗೆದ ಮೇಲೆ ಚಿತ್ರ ಇನ್ನಷ್ಟು ಬಿಗಿಯಾಯಿತು. ಮಾಸ್ತರರಿಗೆ ಈಗಲೂ ಮುಖ ಬೇಕು. ಹಾಗೆ ಒಮ್ಮತವಾಗದೆ ಉಳಿಯುವ ಚರ್ಚೆ ನನಗೆ ತುಂಬಾ ಇಷ್ಟ.

‘ಛಲೋ ಐತಿ’ ಅಂದ್ರ ಸಾಕಲ್ಲೇನ್ರಿ?

ಸಾಲದು. ಈ ಒಂದು ವಿಷಯದಲ್ಲಿ ನಾವು ಹಟಮಾರಿಗಳು. ‘ಛಲೋ ಐತಿ’ ಎನ್ನುವುದಕ್ಕೆ ಫೋಟೋ ನೋಡಲೇಬೇಕೆಂದಿಲ್ಲ. ಒಬ್ಬರು ಚಳಿಯಲ್ಲಿ ಎದ್ದು, ಹೊಲದ ಬದುವಿನಲ್ಲಿ ಕಾದು ಒಂದು ಚಿತ್ರ ತಂದಿರುತ್ತಾರೆ. ಅವರಿಗೆ ನಾವು ಕೊಡಬಹುದಾದ ದೊಡ್ಡ ಮರ್ಯಾದೆ ಎಂದರೆ ಅದನ್ನು ನಿಜವಾಗಿ ನೋಡುವುದು. ಹೊಗಳುವುದಾದರೂ ಬೊಟ್ಟು ಮಾಡಿ ತೋರಿಸಿ ಹೊಗಳಿ: ಈ ಅಜ್ಜಿಯ ಮೂಗುತಿಯ ಮೇಲೆ ಬೆಳಕು ಬಿದ್ದದ್ದು ಛಲೋ ಐತಿ, ಬಾಗಿಲ ಕತ್ತಲು ಆಕೆಯ ಬೆನ್ನಿಗೆ ಒದಗಿ ಬಂದಿದೆ, ಹೀಗೆ. ಇಷ್ಟು ಕೇಳಿದವರು ಮುಂದಿನ ಸಲ ಅದನ್ನು ಬೇಕೆಂದೇ ಮಾಡುತ್ತಾರೆ.

ಕುಂದು ಹೇಳುವಾಗ ಫೋಟೋದ ಬಗ್ಗೆ ಹೇಳಿ, ಮನುಷ್ಯರ ಬಗ್ಗೆ ಬೇಡ. ‘ನಿಮಗ ಫ್ರೇಮ್ ಮಾಡಾಕ ಬರೂದಿಲ್ಲ’ ಎಂದು ಯಾರೂ ಅನ್ನಬಾರದು. ‘ಬಲಗಡೆ ಕಂಬ ನನ್ನ ಕಣ್ಣನ್ನ ಹೊರಗ ಎಳೀತದ’ ಎಂದರೆ ಅದರಲ್ಲಿ ಕೆಲಸಕ್ಕೆ ಬರುವ ಮಾತಿದೆ. ಲೆನ್ಸ್ ಯಾವುದು, ಕ್ಯಾಮೆರಾ ಎಷ್ಟಕ್ಕೆ ಬಿತ್ತು ಎಂಬುದೆಲ್ಲ ಚಹಾ ಹೊತ್ತಿಗೆ.

ಕೆಲವು ಫೋಟೋಗಳು ಚರ್ಚೆಗೆ ಅಲ್ಲ. ತೀರಿಹೋದ ಅವ್ವನ ಕೊನೆಯ ಫೋಟೋವನ್ನು ಯಾರಾದರೂ ತಂದು ತೋರಿಸಿದರೆ ಅಲ್ಲಿ ಗೆರೆ ಓರೆಯಾಗಿದೆ, ಬೆಳಕು ಹೆಚ್ಚಾಗಿದೆ ಎನ್ನುವ ಮಾತು ಬರಕೂಡದು.

ಎಲ್ಲರ ಎದುರು ತಪ್ಪು ತೆಗೆದ್ರ ನನಗ ಬೇಜಾರಾಗತದ.

ಮೊದಲ ಕೆಲವು ಕೂಟಗಳಲ್ಲಿ ‘ಬರೇ ನೋಡ್ರಿ’ ಎಂದು ಹೇಳಿ ಫೋಟೋ ಇಡಬಹುದು. ಯಾರೂ ಏನೂ ಅನ್ನುವುದಿಲ್ಲ. ನೀವಾಗಿಯೇ ಕೇಳುವ ದಿನ ಹೇಳುತ್ತೇವೆ. ಬೇರೆಯವರ ಫೋಟೋ ಬಗ್ಗೆ ನಾಲ್ಕು ಮಾತಾಡಿ ನೋಡಿ, ನಿಮ್ಮ ಅಂಜಿಕೆ ಅಲ್ಲೇ ಅರ್ಧ ಕಡಿಮೆಯಾಗುತ್ತದೆ.

ಗೋಳಗುಮ್ಮಟ ಎಲ್ಲಾರೂ ತೆಗದಾರ. ನಾ ಇನ್ನೇನು ತೆಗೀಲಿ?

ಈ ಪ್ರಶ್ನೆ ಕೇಳದ ಹೊಸಬರೇ ಇಲ್ಲ. 1656ರಲ್ಲಿ ಮುಗಿದ ಮೊಹಮ್ಮದ್ ಆದಿಲ್ ಶಾಹನ ಈ ಗೋರಿಯ ಗುಮ್ಮಟದ ಹೊರವ್ಯಾಸವೇ ಸುಮಾರು 44 ಮೀಟರ್. ಎದುರು ನಿಂತು ತೆಗೆದರೆ ಆ ಗಾತ್ರ ಚಿತ್ರದಲ್ಲಿ ಬರುವುದಿಲ್ಲ, ಪಕ್ಕದಲ್ಲಿ ಅಳತೆಗೆ ಏನೂ ಇರುವುದಿಲ್ಲವಲ್ಲ. ಗೋಡೆಯ ಬುಡದಲ್ಲಿ ಒಬ್ಬ ಮನುಷ್ಯ ನಡೆದು ಹೋಗುವವರೆಗೆ ಕಾಯಿರಿ. ಬಾಗಿಲು ದಕ್ಷಿಣಕ್ಕಿದೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮುಂಭಾಗಕ್ಕೆ ದಿನವೆಲ್ಲ ಬಿಸಿಲು ಸಿಗುತ್ತದೆ. ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಹೆಚ್ಚುಕಡಿಮೆ ನಡುಹಗಲ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಆಗ ಮುಂಭಾಗ ಮಂಕಾಗಿ ಕಾಣುತ್ತದೆ.

ಗುಮ್ಮಟದ ಒಳಗಿನ ಪಿಸುಗುಟ್ಟುವ ಮೊಗಸಾಲೆಗೆ ಹತ್ತಿದರೆ ಎಲ್ಲರೂ ಗುಮ್ಮಟದ ಒಳಮೈ ತೆಗೆಯುತ್ತಾರೆ. ನಾನಾದರೆ ಗೋಡೆಗೆ ಕಿವಿ ಹಚ್ಚಿದವರ ಮುಖ ತೆಗೆಯಲು ಹೇಳುತ್ತೇನೆ. ಆಚೆ ಬದಿಯಲ್ಲಿ ಗಂಡ ಏನೋ ಪಿಸುಗುಟ್ಟಿದ್ದು ಈಚೆ ಬದಿಯ ಹೆಂಡತಿಯ ಕಿವಿಗೆ ಬಿದ್ದ ಆ ಗಳಿಗೆ ಮುಖ ಅರಳುತ್ತದಲ್ಲ, ಅದು ಪೋಸ್ಟ್‌ಕಾರ್ಡಿನಲ್ಲಿ ಸಿಗುವುದಿಲ್ಲ.

ಎರಡನೆಯ ಅಲಿ ಆದಿಲ್ ಶಾಹನ ಗೋರಿ ಬಾರಾಕಮಾನ್ ಪೂರ್ತಿಯಾಗದೆ ನಿಂತದ್ದರಿಂದ ಮೇಲೆ ಚಾವಣಿಯಿಲ್ಲ. ಬೆಳಗಿನ ಓರೆ ಬಿಸಿಲಿಗೆ ಕಮಾನಿನ ನೆರಳು ಕಮಾನಿನ ಮೇಲೆ ಬೀಳುವುದನ್ನೇ ಒಂದು ತಾಸು ನೋಡಬಹುದು. ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಕಲ್ಲಿನಲ್ಲೇ ಅಕ್ಷರ ಕೊರೆದು ಜಾಲರಿ ಮಾಡಿದ್ದಾರೆ. ಒಳಗೆ ಕತ್ತಲಲ್ಲಿ ನಿಂತು ಕ್ಯಾಮೆರಾದ ಬೆಳಕಿನ ಅಳತೆಯನ್ನು (ಎಕ್ಸ್‌ಪೋಶರ್) ಹೊರಬೆಳಕಿಗೆ ಹೊಂದಿಸಿದರೆ ಅಕ್ಷರಗಳು ಎದ್ದು ಬರುತ್ತವೆ. 55 ಟನ್ ತೂಕದ ಮಲಿಕ್-ಇ-ಮೈದಾನ್ ತೋಪನ್ನು ಉದ್ದಕ್ಕೆ ತೆಗೆಯುವುದಕ್ಕಿಂತ ಅದರ ಬಾಯಿಯ ಹತ್ತಿರ ಹೋಗಿ. ಸಿಂಹದ ದವಡೆಯಲ್ಲಿ ಸಿಕ್ಕ ಆನೆ ಅಲ್ಲಿದೆ.

ಇನ್ನು ಊರೆಂದರೆ ಸ್ಮಾರಕವಷ್ಟೇ ಅಲ್ಲ. ಟಾಂಗಾ ಕುದುರೆಗಳು ಇವೆ. ಫೆಬ್ರುವರಿಯಿಂದ ತಿಕೋಟಾ ಕಡೆ ಹೋದರೆ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಹಸಿರು ಪರದೆಯಿಂದ ಸೋಸಿ ಬರುವ ಬೆಳಕಿನಲ್ಲಿ, ಜಾಳಿಗೆಯ ಅಂತಸ್ತುಗಳ ಮೇಲೆ ದ್ರಾಕ್ಷಿ ಹರವುವ ಹೆಣ್ಣುಮಕ್ಕಳು ಕಾಣುತ್ತಾರೆ. ಇಂಥ ಬೆಳಕು ಯಾವ ಸ್ಟುಡಿಯೋದಲ್ಲೂ ಸಿಗದು. ಮಾಲೀಕರನ್ನೂ ಕೆಲಸದವರನ್ನೂ ಕೇಳಿ ಒಳಗೆ ಹೋಗಿ.

ಬಾದಾಮಿ, ಪಟ್ಟದಕಲ್ಲಿಗೆ ಯಾವಾಗ ಹೋದ್ರ ಬೆಳಕು ಛಲೋ?

ಬಾದಾಮಿಯ ಗುಹೆಗಳ ಮೋರೆ ಉತ್ತರಕ್ಕಿದೆ, ಆದ್ದರಿಂದ ಒಳಗೆ ನೇರ ಬಿಸಿಲು ಬೀಳುವುದು ಕಡಿಮೆ. ನಮಗೆ ಸಿಗುವುದು ಅಂಗಳದ ಕೆಂಪು ಕಲ್ಲಿಗೆ ಬಡಿದು ಒಳಗೆ ಚಿಮ್ಮುವ ಬೆಳಕು. ಕ್ಯಾಮೆರಾದ ಬಣ್ಣದ ಅಳತೆಯನ್ನು (ವೈಟ್ ಬ್ಯಾಲೆನ್ಸ್) ಆಟೋದಲ್ಲಿ ಬಿಟ್ಟರೆ ಅದು ಆ ಕೆಂಪನ್ನು ತಪ್ಪೆಂದು ತಿಳಿದು ತೊಳೆದುಬಿಡುತ್ತದೆ, ಬಿಸಿಲಿನ ಗುರುತಿಗೆ ಇಟ್ಟುಕೊಳ್ಳಿ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಚಿತ್ರದ ಬಣ್ಣ ಅಲ್ಲಲ್ಲಿ ಉಳಿದಿದೆ, ಅಲ್ಲಿ ಫ್ಲ್ಯಾಶ್ ಬೇಡವೇ ಬೇಡ. ಅಗಸ್ತ್ಯತೀರ್ಥದ ದಂಡೆಯ ಭೂತನಾಥ ಗುಡಿ ಕೆರೆಯತ್ತ, ಪಶ್ಚಿಮಕ್ಕೆ ಮುಖ ಮಾಡಿದೆ, ಅದಕ್ಕೆ ಸಂಜೆ ಒಳ್ಳೆಯದು.

ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಪೂರ್ವಕ್ಕಿದೆ, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಬೆಳಗ್ಗೆ, ಸಂಜೆ ಮಾತ್ರ ಫೋಟೋ ತೆಗೆಯಬೇಕು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಗೋಡೆಯ ಮೇಲಿನ ಉಬ್ಬುಶಿಲ್ಪಕ್ಕೆ ಎದುರು ಬೆಳಕು ಬಿದ್ದರೆ ಅದು ಚಪ್ಪಟೆಯಾಗುತ್ತದೆ. ಸೂರ್ಯ ಏರಿ, ಬೆಳಕು ಮೇಲಿನಿಂದ ಗೋಡೆಯನ್ನು ಸವರಿಕೊಂಡು ಇಳಿಯುವ ಹೊತ್ತಿಗೆ ಅದೇ ಶಿಲ್ಪದ ಬೆರಳು, ಹಾರ, ಸೆರಗಿನ ನಿರಿಗೆ ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಮಂದಿ ಊಟಕ್ಕೆ ಹೋದಾಗ ನೀವು ಅಲ್ಲೇ ಇರಿ.

ಟ್ರೈಪಾಡ್, ಡ್ರೋನ್ ಒಯ್ಯಬಹುದಾ?

ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಡ್ರೋನ್ ಅನುಮತಿಯಿಲ್ಲದೆ ಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ ಎಲ್ಲಿ ಹಾರಿಸಬಹುದು ಎಂಬುದರ ನಕಾಶೆಯೇ ಇದೆ, ನೋಡಿಕೊಳ್ಳಿ. ಕಾವಲುಗಾರರ ಜೊತೆ ವಾದಕ್ಕೆ ಇಳಿಯಬೇಡಿ.

ಜನರ ಫೋಟೋ ತೆಗೀಬೇಕಂದ್ರ ಕೇಳಲೇಬೇಕೇನ್ರಿ?

ಒಬ್ಬರನ್ನೇ ಹತ್ತಿರದಿಂದ ತೆಗೆಯುವುದಾದರೆ ಕೇಳಿ. “ಅಜ್ಜಾರ, ನಿಮ್ಮದೊಂದು ಫೋಟೋ ತೆಗೀಲೇನ್ರಿ?” ಎಂದರೆ ನಮ್ಮ ಕಡೆ ಬೇಡವೆನ್ನುವವರು ಕಡಿಮೆ. ಬೇಡ ಎಂದರೆ ಕೈ ಮುಗಿದು ಮುಂದೆ ನಡೆಯಿರಿ. ಕೇಳಿದ ಕೂಡಲೇ ಅವರು ಅಂಗಿ ಸರಿಮಾಡಿಕೊಂಡು ಸೆಟೆದು ನಿಲ್ಲುತ್ತಾರೆ, ಸಹಜತೆ ಹೋಗುತ್ತದೆ ಎಂಬುದು ಹಲವರ ದೂರು. ಮೊದಲು ಆ ಫೋಟೋ ತೆಗೆಯಿರಿ, ಅದು ಅವರಿಗಾಗಿ. ಆಮೇಲೆ ಅಲ್ಲೇ ಕೂತು ಮಳೆ, ಬೆಳೆ ಮಾತಾಡಿ. ಅವರು ತಮ್ಮ ಕೆಲಸಕ್ಕೆ ಮರಳಿದಾಗ ನಿಮ್ಮ ಚಿತ್ರ ಸಿಗುತ್ತದೆ.

ಇಳಕಲ್ಲಿನ ನೇಕಾರರ ಮನೆಗಳಿಗೆ ಹೋಗುವವರಿಗೆ ಒಂದು ಮಾತು. ಕುಣಿಮಗ್ಗದಲ್ಲಿ ಕಾಲು ತಗ್ಗಿನಲ್ಲಿ, ಮೈ ನೆಲದ ಮಟ್ಟದಲ್ಲಿ ಇರುತ್ತದೆ. ನೀವು ನಿಂತು ಮೇಲಿನಿಂದ ತೆಗೆದರೆ ನೇಯುವವರ ಬೋಳುನೆತ್ತಿ, ಬೈತಲೆ ಅಷ್ಟೇ ಬರುತ್ತದೆ. ನೆಲದ ಮೇಲೆ ಕೂತುಬಿಡಿ. ಸೀರೆಯ ಒಡಲಿನ ಹಾಸಿಗೂ (ಉದ್ದನೆಯ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವ ಟೋಪಿ ತೆನಿ ಕೆಲಸ ನಡೆದಿದ್ದರೆ ಮಾತಾಡಿಸದೆ ಕಾಯಿರಿ, ಎಳೆಗೆ ಎಳೆ ಕೂಡಬೇಕಾದ ಕೆಲಸವದು.

ಮಕ್ಕಳ ಫೋಟೋಕ್ಕೆ ತಂದೆತಾಯಿಯ ಒಪ್ಪಿಗೆ ಬೇಕು. ದವಾಖಾನೆ, ಸಾವಿನ ಮನೆ, ಭಿಕ್ಷೆ ಬೇಡುವವರ ಕೈ, ಇಂಥವನ್ನು ನಮ್ಮ ಕೂಟಕ್ಕೆ ತರಬೇಡಿ. ಯಾರದೇ ಫೋಟೋ ತೆಗೆದರೂ ಒಂದು ಪ್ರಿಂಟ್ ಹಾಕಿಸಿ ಮರಳಿ ಹೋಗಿ ಕೊಡಿ. ಮೊಬೈಲಿನಲ್ಲಿ ತೋರಿಸಿದ್ದು ಮರೆತು ಹೋಗುತ್ತದೆ, ಪ್ರಿಂಟು ದೇವರ ಜಗುಲಿಯ ಪಕ್ಕಕ್ಕೆ ಹೋಗುತ್ತದೆ. ಮುಂದಿನ ಸಲ ನೀವು ಆ ಓಣಿಗೆ ಹೋದರೆ ಚಹಾ ಕುಡಿಯದೆ ಬರಲು ಬಿಡುವುದಿಲ್ಲ.

ಹಕ್ಕಿ ಫೋಟೋ ನಡೀತಾವೇನ್ರಿ?

ನಡೆಯುತ್ತವೆ. ಆಲಮಟ್ಟಿ ಹಿನ್ನೀರಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು, ರಾಜಹಂಸ ಬರುತ್ತವೆ. ಗೂಡಿನ ಫೋಟೋ ಮಾತ್ರ ತೋರಿಸುವುದಿಲ್ಲ, ನೋಡುವುದೂ ಇಲ್ಲ. ಗೂಡಿನ ಹತ್ತಿರ ಜನ ಹೋದರೆ ತಾಯಿ ಹಕ್ಕಿ ಎದ್ದು ಹೋಗುತ್ತದೆ. ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆಯ ಪಾಲಾಗುತ್ತದೆ. ಹಾರಲಿ ಎಂದು ಗುಂಪನ್ನು ಎಬ್ಬಿಸುವವರನ್ನು ನಾವು ಜೊತೆಗೆ ಕರೆದೊಯ್ಯುವುದಿಲ್ಲ.

ವಾಟ್ಸ್‌ಆ್ಯಪಿನ್ಯಾಗ ಕಳಿಸಿದ ಫೋಟೋ ಮಸಕ ಆಗತದಲ್ಲ?

ಅದು ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಇದ್ದಂತೆಯೇ ಬರುತ್ತದೆ. ಆದರೆ ಹಾಗೆ ಕಳಿಸಿದಾಗ ತೆಗೆದ ಜಾಗದ ಗುರುತೂ ಜೊತೆಗೆ ಹೋಗಬಹುದು. ಮನೆಯೊಳಗಿನ ಫೋಟೋ, ಅಪರೂಪದ ಪ್ರಾಣಿ ಪಕ್ಷಿಯ ಫೋಟೋ ಇದ್ದರೆ ಲೊಕೇಶನ್ ತೆಗೆದು ಕಳಿಸಿ.

ಎಡಿಟ್ ಮಾಡಿದ್ದು ತರಬಹುದಾ?

ಬೆಳಕು, ಬಣ್ಣ, ಅಂಚು ಸರಿಮಾಡಿದ್ದು ಧಾರಾಳವಾಗಿ ತನ್ನಿ. ಬಾರಾಕಮಾನಿನ ಮೇಲೆ ಇಲ್ಲದ ಚಂದ್ರನನ್ನು ಕೂರಿಸಿದ್ದರೆ, ಇದ್ದ ಮನುಷ್ಯನನ್ನು ಅಳಿಸಿದ್ದರೆ, ಎಐ ಕಡೆಯಿಂದ ಏನಾದರೂ ಬರೆಸಿದ್ದರೆ ಮೊದಲೇ ಹೇಳಿ. ಹೇಳದೆ ತೋರಿಸಿದರೆ ನಾವು ಆ ಚಂದ್ರನ ಬೆಳಕನ್ನೇ ಹೊಗಳುತ್ತ ಕೂರುತ್ತೇವೆ. ಅಲ್ಲಿಗೆ ಚರ್ಚೆಗೆ ಅರ್ಥವಿಲ್ಲ.

ನನ್ನ ಫೋಟೋ ಯಾರಾದರೂ ಕೇಳದೆ ಬಳಸಿದ್ರ?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಸಾಮಾನ್ಯವಾಗಿ ಅದರ ಮೊದಲ ಒಡೆಯರು. ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇರೆಯವರು ದುಡ್ಡು ಕೊಟ್ಟು ತೆಗೆಸಿಕೊಂಡದ್ದಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಕ್ಕು ತೆಗೆಸಿದವರದು. ನಮ್ಮ ಕೂಟದಲ್ಲಿ ನೋಡಿದ ಫೋಟೋವನ್ನು ತೆಗೆದವರ ಒಪ್ಪಿಗೆಯಿಲ್ಲದೆ ಯಾರೂ ಮುಂದೆ ಕಳಿಸಬಾರದು. ಜಾತ್ರೆಯ ಬ್ಯಾನರಿಗೆ, ಊರಿನ ಸ್ಮರಣ ಸಂಚಿಕೆಗೆ ಬೇಕೆಂದು ಕೇಳಿದವರಿಗೆ ಕೊಡುವುದು ನಿಮ್ಮ ಖುಷಿ. ಕೆಳಗೆ ಹೆಸರು ಹಾಕಲು ಹೇಳಿ.

ನಾ ತೆಗದದ್ದು ಬರೇ ನಮ್ಮ ಓಣಿ ಫೋಟೋ. ಅದನ್ನೇನು ತೋರಸೂದು?

ಅದನ್ನೇ ತನ್ನಿ. 1855ರಲ್ಲಿ ಮುಂಬಯಿ ಸರಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ಫೋಟೋ ತೆಗೆಯಲು ನೇಮಿಸಿತು. ಅವನು ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಸುತ್ತಿದ. ಕಟ್ಟಡ ದಾಖಲಿಸುವುದು ಅವನ ಕೆಲಸ. ಇವತ್ತು ಆ ಕಾಲದ ಯಾವುದೇ ಚಿತ್ರ ನೋಡಿದರೆ ನನ್ನ ಕಣ್ಣು ಹೋಗುವುದು ಕಟ್ಟಡದ ಅಂಚಿಗೆ: ಸುತ್ತಲಿನ ಬಯಲು, ಮರ, ಅಪ್ಪಿತಪ್ಪಿ ಚೌಕಟ್ಟಿನೊಳಗೆ ಬಂದ ಮನುಷ್ಯ. ಕಟ್ಟಡ ಹೇಗೂ ಉಳಿದಿದೆ, ಉಳಿದದ್ದೆಲ್ಲ ಬದಲಾಗಿದೆ.

ಅಷ್ಟು ಹಿಂದಕ್ಕೂ ಹೋಗಬೇಕಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಜನ ನವನಗರಕ್ಕೆ ಬಂದರು. ಅಲ್ಲಿಂದ ಬರುವ ನಮ್ಮ ಗೆಳೆಯರೊಬ್ಬರು ಹಳೆಯ ಮನೆಯ ಕಟ್ಟೆಯ ಫೋಟೋ ತಂದಿದ್ದರು. ಮದುವೆಗೆ ಬಂದ ಬೀಗರು ಸಾಲಾಗಿ ಕೂತಿದ್ದಾರೆ, ಫೋಟೋ ತೆಗೆದದ್ದು ಅವರಿಗಾಗಿ. ನಾವು ನೋಡಿದ್ದು ಮಾತ್ರ ಹಿಂದಿನ ಬಾಗಿಲ ಚೌಕಟ್ಟಿನ ಕೆತ್ತನೆ, ಗೋಡೆಯ ಗೂಟಕ್ಕೆ ಹಾಕಿದ ಕಂದೀಲು, ಕಟ್ಟೆಯ ಸವೆದ ಕಲ್ಲು. ಅದೇ ಓಣಿಯಲ್ಲಿ ಬೆಳೆದ ಇನ್ನೊಬ್ಬರು ಅಲ್ಲೇ ಕೂತಿದ್ದರು. “ಆ ಕಟ್ಟಿ ಮ್ಯಾಲ ನಾವು ಚೌಕಾಬಾರಾ ಗೆರಿ ಕೊರದಿದ್ವಿ” ಎಂದರು. ಭೂತಗನ್ನಡಿ ತಂದು ನೋಡಿದರೆ ಗೆರೆ ಇತ್ತು!

ಆದ್ದರಿಂದ ಓಣಿ, ಹಿಟ್ಟಿನ ಗಿರಣಿ, ಬಸ್ ಸ್ಟ್ಯಾಂಡಿನ ಬೋರ್ಡು, ರೊಟ್ಟಿ ಬಡಿಯುವ ಅವ್ವ ಯಾವುದನ್ನೂ ಸಣ್ಣದೆಂದು ಬಿಡಬೇಡಿ. ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಊರು, ಓಣಿ, ತಾರೀಖು, ಚಿತ್ರದಲ್ಲಿರುವವರ ಹೆಸರು ಬರೆದಿಡಿ. ಹೆಸರಿಲ್ಲದ ಹಳೆಯ ಫೋಟೋ ಹಿಡಿದುಕೊಂಡು ಇವರು ಯಾರು ಎಂದು ಮನೆಯವರೇ ಕೇಳುವುದನ್ನು ಬಹಳ ಕಡೆ ನೋಡಿದ್ದೇನೆ.

ಮೊದಲನೆ ಸಲ ಬರೂವಾಗ ಏನೇನು ತರಬೇಕು?

ಮೂರು ಫೋಟೋ, ಸಾಧ್ಯವಾದರೆ ಪ್ರಿಂಟ್ ಹಾಕಿಸಿ. ಪೋಸ್ಟ್‌ಕಾರ್ಡ್ ಗಾತ್ರ ಸಾಕು. ಚಾರ್ಜ್ ಮಾಡಿದ ಮೊಬೈಲ್ ಅಥವಾ ಕ್ಯಾಮೆರಾ, ತಲೆಗೆ ಟವೆಲ್ ಅಥವಾ ಟೊಪ್ಪಿಗೆ, ನೀರಿನ ಬಾಟಲಿ. ಸ್ಮಾರಕದ ಟಿಕೆಟ್ ಅವರವರದು, ನಾಷ್ಟಾ ಆ ತಿಂಗಳ ಮನೆಯವರದು. ಫೋಟೋ ಇಲ್ಲದಿದ್ದರೂ ಬನ್ನಿ, ನೋಡುವವರು ಎಷ್ಟಿದ್ದರೂ ನಮಗೆ ಕಡಿಮೆಯೇ.